ಸೋರುವ ನೀರು ಎಲ್ಲಿದೆ?

(ಹೊಸ ತಿಪ್ಪಸಂದ್ರದಲ್ಲಿ ಹೊಸದಾಗಿ ಓದು ಬರಹ ಕಲಿತ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ನಾವು ನೀರಿನ ವಿಷಯ ಮಾತಾಡೋಣ. ನೀರು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಸಾಲಾಗಿ ಇಟ್ಟ ಬಿಂದಿಗೆಗಳು. ನಿದ್ದೆಗಣ್ಣಲ್ಲಿ ಎದ್ದು ನಲ್ಲಿ ತಿರುಗಿಸಿ ನೋಡೋದು. ನೀರು ಬರೋವರೆಗೆ ಕೂಲಿಗೆ ಹೋಗದೆ ಕಾಯೋದು. ಕೊನೆಗೆ ನೀರು ಬಂದರೂ ಸಣ್ಣಗೆ, ನೂಲಿನ ಹಾಗೆ ಬರೋದು.

ನೀರು ಸಣ್ಣಗೆ ಬಂದರೆ ನಾವು ಯಾರನ್ನು ಬೈಯುತ್ತೇವೆ? ಮೇಲಿನ ಮನೆಯವರನ್ನು ಬೈಯುತ್ತೇವೆ. ವಾಲ್ವ್ ತಿರುಗಿಸುವವರನ್ನು ಬೈಯುತ್ತೇವೆ. ನಮ್ಮ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರೆಲ್ಲ ಇದ್ದಾರೆ. ನೀರಿನ ಜಗಳ ಮಾತ್ರ ಎಲ್ಲರಿಗೂ ಅರ್ಥವಾಗುತ್ತೆ!

ಆದರೆ ಎಷ್ಟೋ ಸಲ ನಮ್ಮ ಪಾಲಿನ ನೀರು ಕುಡಿದವರು ಪಕ್ಕದ ಮನೆಯವರಲ್ಲ. ನೆಲ ಕುಡಿದಿರುತ್ತೆ. ರಸ್ತೆಯ ಕೆಳಗೆ ಕೊಳವೆ ಎಲ್ಲೋ ಒಡೆದಿರುತ್ತೆ. ಅದು ನಮ್ಮ ಕಣ್ಣಿಗೆ ಕಾಣಲ್ಲ. ಕಾಣದ ಕಳ್ಳನನ್ನು ಬಿಟ್ಟು ಕಾಣುವ ನೆರೆಯವರ ಜೊತೆ ನಾವು ಜಗಳ ಆಡುತ್ತೇವೆ.

ಆ ಕಳ್ಳನನ್ನು ಹಿಡಿಯೋದು ಹೇಗೆ? ಅದನ್ನು ಈಗ ತಿಳಿಯೋಣ.

ನೀರು ಎಲ್ಲಿಂದ ಬರುತ್ತೆ?

ನಮ್ಮ ಬಡಾವಣೆಯ ಹೆಸರು ನೋಡಿ. ತಿಪ್ಪಸಂದ್ರ. ಪಕ್ಕದಲ್ಲಿ ಬೈರಸಂದ್ರ. 'ಸಂದ್ರ' ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ ಅಂತ ತಿಳಿದವರು ಹೇಳುತ್ತಾರೆ. ಹಿಂದೆ ಊರಿನ ಹೆಸರಲ್ಲೇ ನೀರಿತ್ತು. ಕೆರೆ ನೀರನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಅವನು ಏರಿಯ ಮೇಲೆ, ಕಾಲುವೆಯ ಉದ್ದಕ್ಕೆ ನಡೆದು ನೋಡುತ್ತಿದ್ದ. ಏಡಿ ಬಿಲ ಕೊರೆದಿದೆಯಾ, ಎಲ್ಲಾದರೂ ನೀರು ಜಿನುಗುತ್ತಿದೆಯಾ ಅಂತ ಹುಡುಕುತ್ತಿದ್ದ. ಸೋರಿಕೆ ಹುಡುಕುವುದು ನಮ್ಮ ನಾಡಿಗೆ ಹೊಸ ಕೆಲಸ ಅಲ್ಲ.

ಆಮೇಲೆ ಊರು ಬೆಳೆಯಿತು. ಕೆರೆ ನೀರು ಸಾಲಲಿಲ್ಲ. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ನೀರು ಬಂತು.

ಕಾವೇರಿ ತಾನಾಗಿ ಹರಿದು ನಮ್ಮ ಮನೆಗೆ ಬರಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನೀರನ್ನು ಶುದ್ಧ ಮಾಡುತ್ತಾರೆ. ಅಲ್ಲಿಂದ ದೊಡ್ಡ ಪಂಪು ಹಚ್ಚಿ ಮೇಲಕ್ಕೆ ತಳ್ಳುತ್ತಾರೆ. ಹಾರೋಹಳ್ಳಿಯಲ್ಲಿ ಇನ್ನೊಮ್ಮೆ ತಳ್ಳುತ್ತಾರೆ. ತಾತಗುಣಿಯಲ್ಲಿ ಮತ್ತೊಮ್ಮೆ ತಳ್ಳುತ್ತಾರೆ. ಸುಮಾರು 100 ಕಿಲೋಮೀಟರ್ ದೂರ. ಸುಮಾರು 500 ಮೀಟರ್ ಎತ್ತರ. ನಾವು ಒಂದು ಬಿಂದಿಗೆ ಹೊತ್ತು ಮೂರು ಮಹಡಿ ಹತ್ತಿದರೆ ಏದುಸಿರು ಬರುತ್ತೆ. ಕಾವೇರಿ ನೀರು ನೂರಕ್ಕೂ ಹೆಚ್ಚು ಮಹಡಿಯಷ್ಟು ಎತ್ತರ ಹತ್ತಿ ಬರುತ್ತೆ. ಇದಕ್ಕೆ ಎಷ್ಟು ಕರೆಂಟು ಬೇಕು, ಯೋಚಿಸಿ.

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಬೋರ್‌ವೆಲ್ ಬತ್ತಿದವು. ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ನೀರು ತರುವ ಯೋಜನೆ ಅದು.

ಆದರೆ ಒಂದು ಮಾತು. ತೂತು ಬಿದ್ದ ಬಿಂದಿಗೆಗೆ ಎಷ್ಟು ನೀರು ಹೊಯ್ದರೆ ಏನು ಬಂತು?

ಕೊಳವೆ ಯಾಕೆ ಸೋರುತ್ತೆ?

ಕೊಳವೆಗೂ ಮುಪ್ಪು ಬರುತ್ತೆ. ಕಬ್ಬಿಣದ ಕೊಳವೆ ಮಣ್ಣಲ್ಲಿ ತುಕ್ಕು ಹಿಡಿಯುತ್ತೆ. ಮೇಲೆ ಬಸ್ಸು, ಲಾರಿ ಓಡಾಡಿ ಅದುರುತ್ತೆ. ಕೇಬಲ್ ಹಾಕುವವರು, ಚರಂಡಿ ಅಗೆಯುವವರು ತಿಳಿಯದೆ ಹಾರೆ ತಗುಲಿಸುತ್ತಾರೆ. ಬೀದಿಯ ದೊಡ್ಡ ಕೊಳವೆಯಿಂದ ಮನೆಗೆ ಸಣ್ಣ ಕೊಳವೆ ತೆಗೆದಿರುತ್ತಾರಲ್ಲ, ಆ ಕೂಡು ಜಾಗ ಬೇಗ ಸಡಿಲ ಆಗುತ್ತೆ. ಸೋರಿಕೆ ಹೆಚ್ಚಾಗಿ ಇಂಥ ಸಣ್ಣ ಕೊಳವೆಗಳಲ್ಲೇ ಇರುತ್ತೆ.

ಸಣ್ಣ ತೂತು ಅಂತ ಬಿಡಬೇಡಿ. ಬೆಂಕಿಕಡ್ಡಿಯಷ್ಟು ದಪ್ಪದ ತೂತು ಅಂದುಕೊಳ್ಳಿ. ಕೊಳವೆಯಲ್ಲಿ ನೀರಿನ ಒತ್ತಡ ಸಾಧಾರಣ ಇದ್ದರೂ ಒಂದು ಗಂಟೆಗೆ ಸುಮಾರು 90 ಲೀಟರ್ ಹೊರಗೆ ಹೋಗುತ್ತೆ. ಅಂದರೆ ಆರು ಬಿಂದಿಗೆ. ನಾಲ್ಕು ಗಂಟೆ ನೀರು ಬಿಟ್ಟರೆ 24 ಬಿಂದಿಗೆ. ಒಂದು ಮನೆಗೆ ಒಂದು ದಿನಕ್ಕೆ ಸಾಕಾಗುವ ನೀರು ಒಂದು ಕಡ್ಡಿ ತೂತಿನಲ್ಲಿ ಹೋಯಿತು.

ಇನ್ನೊಂದು ವಿಷಯ. ರಸ್ತೆ ಒಡೆದು ಕಾರಂಜಿ ಹಾಗೆ ನೀರು ಚಿಮ್ಮಿದರೆ ಎಲ್ಲರೂ ನೋಡುತ್ತಾರೆ. ಫೋನ್ ಮಾಡುತ್ತಾರೆ. ರಿಪೇರಿ ಆಗುತ್ತೆ. ಸದ್ದಿಲ್ಲದೆ ಮಣ್ಣಲ್ಲಿ ಇಂಗುವ ಸೋರಿಕೆ ಹಾಗಲ್ಲ. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಗೇ ಇರುತ್ತೆ. ಚಿಮ್ಮುವ ನೀರಿಗಿಂತ ಇಂಗುವ ನೀರೇ ಹೆಚ್ಚು ನಷ್ಟ ಮಾಡುತ್ತೆ.

ಒಂದು ತೂತು, ಎರಡು ಕೇಡು

ಅಕ್ಕಂದಿರೇ, ಈ ಮಾತು ಗಮನವಿಟ್ಟು ಕೇಳಿ.

ಕೊಳವೆಯಲ್ಲಿ ನೀರು ತುಂಬಿ ಬರುವಾಗ ತೂತಿನಿಂದ ನೀರು ಹೊರಗೆ ಹೋಗುತ್ತೆ. ಅದು ಒಂದು ಕೇಡು. ನೀರು ನಿಂತಾಗ ಏನಾಗುತ್ತೆ? ನಮ್ಮ ಊರಿನ ಹೆಚ್ಚು ಕಡೆ ದಿನವಿಡೀ ನೀರು ಬರಲ್ಲ. ಕೆಲವು ಗಂಟೆ ಬಿಟ್ಟು ನಿಲ್ಲಿಸುತ್ತಾರೆ. ಆಗ ಕೊಳವೆ ಬರಿದಾಗುತ್ತೆ. ಬರಿದಾದ ಕೊಳವೆ ಹೊರಗಿನದನ್ನು ಒಳಗೆ ಎಳೆಯುತ್ತೆ. ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಆ ಕೊಳಕು ಅದೇ ತೂತಿನಿಂದ ಒಳಗೆ ಬರುತ್ತೆ. ಮತ್ತೆ ನೀರು ಬಿಟ್ಟಾಗ ಆ ಕೊಳಕು ಮೊದಲು ನಮ್ಮ ಬಿಂದಿಗೆಗೆ ಬೀಳುತ್ತೆ.

ಕೆಲವರು ನಲ್ಲಿ ಕೊಳವೆಗೆ ನೇರವಾಗಿ ಮೋಟಾರು ಹಾಕುತ್ತಾರೆ. ಅದು ಕಾನೂನಿಗೆ ವಿರುದ್ಧ. ನೆರೆಯವರ ನೀರು ಕಡಿಮೆ ಆಗುತ್ತೆ ಅನ್ನೋದು ಒಂದು ತಪ್ಪು. ಮೋಟಾರು ಜೋರಾಗಿ ಹೀರುವಾಗ ತೂತಿನಿಂದ ಕೊಳಕನ್ನೂ ಹೀರುತ್ತೆ. ಮೋಟಾರು ಹಾಕಿದವರ ಮಕ್ಕಳೂ ಅದೇ ನೀರು ಕುಡಿಯಬೇಕು.

ವಾಂತಿ, ಭೇದಿ, ಟೈಫಾಯಿಡ್, ಕಾಮಾಲೆ ಬರೋದು ಇಂಥ ನೀರಿನಿಂದ. ಮಗುವಿಗೆ ಭೇದಿ ಆದರೆ 'ಹಲ್ಲು ಬರ್ತಿದೆ' ಅಂತೀವಿ, 'ದೃಷ್ಟಿ ಆಗಿದೆ' ಅಂತೀವಿ. ಕೊಳವೆಯಲ್ಲಿ ತೂತಿದೆಯಾ ಅಂತ ಕೇಳಲ್ಲ. ಇನ್ನು ಮುಂದೆ ಅದನ್ನೂ ಕೇಳೋಣ.

ಹುಬ್ಬಳ್ಳಿ-ಧಾರವಾಡದ ಪಾಠ

ನಮ್ಮ ರಾಜ್ಯದಲ್ಲೇ ಒಂದು ಕೆಲಸ ನಡೆದಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ, ಈ ಊರುಗಳ ಕೆಲವು ವಾರ್ಡುಗಳನ್ನು ಆರಿಸಿಕೊಂಡರು. ಅಲ್ಲಿ ಕೆಲವು ದಿನಕ್ಕೊಮ್ಮೆ ಮಾತ್ರ ನೀರು ಬರುತ್ತಿತ್ತು. ಹಳೆಯ ಕೊಳವೆ ಬಿಟ್ಟು ಹೊಸ ಕೊಳವೆ ಹಾಕಿದರು. ಮನೆ ಮನೆಗೆ ಮೀಟರ್ ಇಟ್ಟರು. ಸೋರಿಕೆ ಹುಡುಕಿ ಮುಚ್ಚಿದರು. 2008ರ ಹೊತ್ತಿಗೆ ಆ ವಾರ್ಡುಗಳಲ್ಲಿ ಹಗಲೂ ರಾತ್ರಿ ನೀರು ಬರಲು ಶುರುವಾಯಿತು.

ಆಮೇಲೆ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಪುಟ್ಟ ಮಕ್ಕಳಿರುವ ಮನೆಗಳಿಗೆ ಹೋಗಿ ಕೇಳಿದರು. ಸದಾ ನೀರು ಬರುವ ಕಡೆ ಟೈಫಾಯಿಡ್ ಆದ ಮನೆಗಳು ಕಡಿಮೆ ಇದ್ದವು. ಬಡವರ ಮನೆಗಳಲ್ಲಿ ಮಕ್ಕಳ ರಕ್ತಭೇದಿಯೂ ಕಡಿಮೆ ಇತ್ತು. ಎಲ್ಲ ಬಗೆಯ ಭೇದಿ ಕಡಿಮೆ ಆಗಲಿಲ್ಲ. ಭೇದಿ ಕೈಯಿಂದ, ನೊಣದಿಂದ, ಊಟದಿಂದಲೂ ಬರುತ್ತಲ್ಲ. ಆದರೂ ಪಾಠ ಏನು? ಕೊಳವೆ ಗಟ್ಟಿಯಾಗಿದ್ದು, ಸದಾ ತುಂಬಿದ್ದರೆ ಕೊಳಕು ಒಳಗೆ ನುಗ್ಗಲು ದಾರಿ ಇರಲ್ಲ.

ಕಿವಿಯಿಂದ ಹುಡುಕುವುದು

ಸರಿ, ನೆಲದ ಕೆಳಗಿನ ತೂತನ್ನು ಹೇಗೆ ಹುಡುಕುತ್ತಾರೆ? ಇಡೀ ರಸ್ತೆ ಅಗೆಯಬೇಕಾ? ಬೇಡ. ಕಿವಿ ಸಾಕು!

ಒತ್ತಡದಲ್ಲಿರುವ ನೀರು ಸಣ್ಣ ತೂತಿನಿಂದ ನುಗ್ಗುವಾಗ 'ಶ್‌ಶ್' ಅಂತ ಸದ್ದು ಮಾಡುತ್ತೆ. ಕುಕ್ಕರಿನ ಆವಿ ಸಂದಿಯಿಂದ ಹೋಗುವ ಹಾಗೆ. ಆ ಸದ್ದು ಕಬ್ಬಿಣದ ಕೊಳವೆಯಲ್ಲಿ ದೂರದವರೆಗೆ ಹೋಗುತ್ತೆ. ಕೆಲಸದವರ ಹತ್ತಿರ ಒಂದು ಉದ್ದನೆಯ ಕೋಲು ಇರುತ್ತೆ. ಅದರ ಒಂದು ತುದಿಯನ್ನು ವಾಲ್ವ್ ಮೇಲೆ ಇಡುತ್ತಾರೆ. ಇನ್ನೊಂದು ತುದಿಗೆ ಕಿವಿ ಕೊಡುತ್ತಾರೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುತ್ತಾರಲ್ಲ, ಹಾಗೆ. ಇದನ್ನು ರಾತ್ರಿ ಹೊತ್ತು ಮಾಡುತ್ತಾರೆ. ಆಗ ಗಾಡಿ ಸದ್ದು ಇರಲ್ಲ.

ಈಗ ಯಂತ್ರಗಳೂ ಬಂದಿವೆ. ನೆಲದ ಮೇಲೆ ಇಟ್ಟು ಕೇಳುವ ಮೈಕು ಇದೆ. ಕೊಳವೆಯ ಎರಡು ಕಡೆ ಇಟ್ಟು ಕೇಳುವ ಯಂತ್ರ ಇದೆ. ಅದು ಹೇಗೆ ಅಂದರೆ, ಬೀದಿಯ ಎರಡು ತುದಿಯಲ್ಲಿ ಇಬ್ಬರು ಅಕ್ಕಂದಿರು ನಿಂತಿದ್ದಾರೆ ಅಂದುಕೊಳ್ಳಿ. ನಡುವೆ ಎಲ್ಲೋ ಪಟಾಕಿ ಹೊಡೆಯಿತು. ಹತ್ತಿರ ಇದ್ದವರಿಗೆ ಸದ್ದು ಮೊದಲು ಕೇಳುತ್ತೆ. ದೂರ ಇದ್ದವರಿಗೆ ಒಂದು ಚೂರು ತಡ. ಎಷ್ಟು ತಡ ಅಂತ ಯಂತ್ರ ಅಳೆಯುತ್ತೆ. ಅದರಿಂದ ತೂತು ಎಲ್ಲಿದೆ ಅಂತ ಲೆಕ್ಕ ಹಾಕುತ್ತೆ. ಆಮೇಲೆ ಅಷ್ಟೇ ಜಾಗ ಅಗೆದರೆ ಸಾಕು.

ಪ್ಲಾಸ್ಟಿಕ್ ಕೊಳವೆಯಲ್ಲಿ ಸದ್ದು ದೂರ ಹೋಗಲ್ಲ. ಅಲ್ಲಿ ಬೇರೆ ಉಪಾಯ ಬೇಕು. ಕೆಲವು ಕಡೆ ಕೊಳವೆ ಒಳಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ.

ಜಪಾನ್ ದೇಶದ ಟೋಕಿಯೋ ನಗರ ದೊಡ್ಡ ನಗರ. 1950ರ ದಶಕದಲ್ಲಿ ಅಲ್ಲಿ 100 ಬಿಂದಿಗೆ ನೀರಿಗೆ ಸುಮಾರು 20 ಬಿಂದಿಗೆ ಸೋರಿ ಹೋಗುತ್ತಿತ್ತು. ಅವರು ವರ್ಷಗಟ್ಟಲೆ ರಾತ್ರಿ ಬೀದಿ ಬೀದಿ ನಡೆದು ಸದ್ದು ಕೇಳಿದರು. ಹಳೆಯ ಕೊಳವೆ ಬದಲಿಸಿದರು. ಈಗ ಸೋರುವುದು ಮೂರು ನಾಲ್ಕು ಬಿಂದಿಗೆ ಮಾತ್ರ.

ಲೆಕ್ಕದಿಂದ ಹುಡುಕುವುದು

ಸದ್ದು ಕೇಳುವ ಮೊದಲು ಯಾವ ಬೀದಿಯಲ್ಲಿ ಕೇಳಬೇಕು ಅಂತ ಗೊತ್ತಾಗಬೇಕಲ್ಲ? ಅದಕ್ಕೆ ಲೆಕ್ಕ ಬೇಕು. ನೀವು ಈಗ ಕಲಿತಿರುವ ಕೂಡುವುದು, ಕಳೆಯುವುದೇ ಸಾಕು.

ಒಂದು ಬಡಾವಣೆಯನ್ನು ಸಣ್ಣ ಸಣ್ಣ ಭಾಗ ಮಾಡುತ್ತಾರೆ. ಪ್ರತಿ ಭಾಗಕ್ಕೆ ನೀರು ಬರುವ ಬಾಯಲ್ಲಿ ಒಂದು ದೊಡ್ಡ ಮೀಟರ್ ಇಡುತ್ತಾರೆ. ಒಂದು ಉದಾಹರಣೆ ನೋಡೋಣ.

ದೊಡ್ಡ ಮೀಟರ್ ತೋರಿಸಿದ್ದು: 20,000 ಲೀಟರ್.
ಎಲ್ಲ ಮನೆಗಳ ಮೀಟರ್ ಕೂಡಿದರೆ: 14,000 ಲೀಟರ್.
ಕಳೆದರೆ: 6,000 ಲೀಟರ್.

ಈ 6,000 ಲೀಟರ್ ಎಲ್ಲಿ ಹೋಯಿತು? ಇದಕ್ಕೆ 'ಲೆಕ್ಕಕ್ಕೆ ಸಿಗದ ನೀರು' ಅಂತಾರೆ. ಎಲ್ಲವೂ ಸೋರಿಕೆ ಅಲ್ಲ. ಕೆಟ್ಟ ಮೀಟರ್ ಇರಬಹುದು. ಕದ್ದು ತೆಗೆದ ನಲ್ಲಿ ಇರಬಹುದು. ಆದರೆ ಹುಡುಕಬೇಕಾದ ಬೀದಿ ಯಾವುದು ಅಂತ ಲೆಕ್ಕ ಹೇಳಿತು.

ದಿನವಿಡೀ ನೀರು ಇರುವ ಕಡೆ ಇನ್ನೊಂದು ಉಪಾಯ ಇದೆ. ರಾತ್ರಿ ಎರಡು ಮೂರು ಗಂಟೆಗೆ ಎಲ್ಲರೂ ಮಲಗಿರುತ್ತಾರೆ. ಯಾರೂ ನೀರು ಹಿಡಿಯಲ್ಲ. ಆಗಲೂ ದೊಡ್ಡ ಮೀಟರ್ ಜೋರಾಗಿ ಓಡುತ್ತಿದ್ದರೆ? ಊರು ಮಲಗಿದೆ, ತೂತು ಎದ್ದಿದೆ ಅಂತ ಅರ್ಥ. ಆಗ ಒಂದೊಂದೇ ವಾಲ್ವ್ ಮುಚ್ಚುತ್ತಾ ಹೋಗುತ್ತಾರೆ. ಯಾವ ವಾಲ್ವ್ ಮುಚ್ಚಿದಾಗ ಮೀಟರ್ ತಟ್ಟನೆ ನಿಧಾನ ಆಯಿತೋ ಆ ಬೀದಿಯಲ್ಲೇ ತೂತು.

ಬೆಂಗಳೂರಿನಲ್ಲಿ 2010ರ ದಶಕದ ಮೊದಲ ವರ್ಷಗಳಲ್ಲಿ ಹತ್ತಿರ ಹತ್ತಿರ ಅರ್ಧ ನೀರು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಎರಡು ಬಿಂದಿಗೆಯಲ್ಲಿ ಒಂದು! ಆಮೇಲೆ ಜಪಾನಿನ ಸಾಲದ ನೆರವಿನಿಂದ ನಗರದ ಕೆಲವು ವಿಭಾಗಗಳಲ್ಲಿ ಹೀಗೆ ಭಾಗ ಮಾಡಿ, ಮೀಟರ್ ಇಟ್ಟು, ಹಳೆಯ ಕೊಳವೆ ಬದಲಿಸಿದರು. ಅಲ್ಲಿ ನಷ್ಟ ಇಳಿಯಿತು. ಕೆಲಸ ಮಾಡಿದರೆ ಆಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ.

ನಮ್ಮ ಮನೆಯಲ್ಲಿ ನೋಡೋಣ

ದೊಡ್ಡ ಕೊಳವೆ ಮಂಡಳಿಯವರ ಕೆಲಸ. ಮೀಟರಿನಿಂದ ಈಚೆಗೆ ನಮ್ಮ ಕೆಲಸ. ಅಲ್ಲಿ ಸೋರಿದರೆ ಬಿಲ್ಲು ನಮ್ಮ ತಲೆ ಮೇಲೆ. ಹೆಚ್ಚು ನೀರು ಬಳಸಿದಷ್ಟೂ ಲೀಟರಿನ ದರವೂ ಏರುತ್ತೆ.

ಮೀಟರಿನ ಮುಚ್ಚಳ ತೆಗೆದು ನೋಡಿ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಸಾವಿರ ಲೀಟರಿನ ಲೆಕ್ಕ. ಕೆಂಪು ಅಂಕಿಗಳು ಅದಕ್ಕಿಂತ ಕಡಿಮೆಯ ಲೆಕ್ಕ. ನಡುವೆ ಒಂದು ಪುಟ್ಟ ಚಕ್ರ ಇರುತ್ತೆ. ಒಂದಿಷ್ಟು ನೀರು ಹರಿದರೂ ಅದು ತಿರುಗುತ್ತೆ.

ಈಗ ಪರೀಕ್ಷೆ ಮಾಡಿ.

1. ನೀರು ಬರುವ ಹೊತ್ತಿಗೆ ಮಾಡಿ. ಮೊದಲು ಸ್ವಲ್ಪ ಹೊತ್ತು ಬಿಡಿ. ಆಗ ಕೊಳವೆಯ ಗಾಳಿ ಹೊರಗೆ ಹೋಗುತ್ತೆ.
2. ಮನೆಯ ಎಲ್ಲ ನಲ್ಲಿ ಮುಚ್ಚಿ. ಸಂಪಿಗೆ ಹೋಗುವ ವಾಲ್ವ್ ಕೂಡ ಮುಚ್ಚಿ.
3. ಪುಟ್ಟ ಚಕ್ರ ನೋಡಿ. ನಿಂತಿದ್ದರೆ ಒಳ್ಳೆಯದು. ತಿರುಗುತ್ತಿದ್ದರೆ ಒಳಗೆ ಎಲ್ಲೋ ಸೋರಿಕೆ ಇದೆ.

ಸಂಪು ಸೋರುತ್ತಾ ನೋಡಬೇಕಾ? ರಾತ್ರಿ ಮೋಟಾರು ನಿಲ್ಲಿಸಿ. ನೀರು ಬರುವ ವಾಲ್ವ್ ಮುಚ್ಚಿ. ಒಂದು ಕೋಲು ಇಳಿಸಿ ನೀರು ಎಲ್ಲಿವರೆಗೆ ಇದೆ ಅಂತ ಗುರುತು ಹಾಕಿ. ಬೆಳಿಗ್ಗೆ ಮತ್ತೆ ಇಳಿಸಿ ನೋಡಿ. ಕೆಳಗೆ ಹೋಗಿದ್ದರೆ ಸಂಪು ಬಿರುಕು ಬಿಟ್ಟಿದೆ.

ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಬಿಂದಿಗೆ ಇಡಿ. ಸೆಕೆಂಡಿಗೆ ಒಂದು ಹನಿ ಬಿದ್ದರೆ ಒಂದು ದಿನಕ್ಕೆ ಬಿಂದಿಗೆ ತುಂಬಿ ಚೆಲ್ಲುತ್ತೆ. ವಾಷರ್ ಹಾಕಿಸಲು ಖರ್ಚು ಎಷ್ಟು? ಬಲು ಕಡಿಮೆ.

ಬಾಡಿಗೆ ಮನೆಯಲ್ಲಿದ್ದೀರಾ? ಆಗಲೂ ಮೀಟರ್ ನೋಡಿ ಬರೆದಿಡಿ. ಅಂಕಿ ಕೈಯಲ್ಲಿದ್ದರೆ ಮಾಲೀಕರ ಹತ್ತಿರ ಮಾತಾಡಲು ಧೈರ್ಯ ಬರುತ್ತೆ.

ಬೀದಿಯಲ್ಲಿ ನೋಡೋಣ

ಮಂಡಳಿಯವರು ಎಲ್ಲ ಬೀದಿಗೂ ದಿನಾ ಬರಲು ಆಗಲ್ಲ. ನಾವು ದಿನಾ ಅದೇ ಬೀದಿಯಲ್ಲಿ ನಡೆಯುತ್ತೇವೆ. ತರಕಾರಿಗೆ ಮಾರ್ಕೆಟ್ಟಿಗೆ ಹೋಗುವಾಗ, ಮಗುವನ್ನು ಸ್ಕೂಲಿಗೆ ಬಿಡುವಾಗ ಈ ಗುರುತು ನೋಡಿ.

ಬಿಸಿಲಲ್ಲೂ ಒಂದೇ ಕಡೆ ರಸ್ತೆ ಒದ್ದೆ ಇದೆಯಾ?
ಮಳೆ ಇಲ್ಲದಾಗಲೂ ಮೋರಿಯಲ್ಲಿ ತಿಳಿ ನೀರು ಹರಿಯುತ್ತಿದೆಯಾ?
ಒಂದೇ ಜಾಗದಲ್ಲಿ ಹುಲ್ಲು ಹಸಿರಾಗಿ ಬೆಳೆದಿದೆಯಾ?
ರಸ್ತೆ ಒಂದು ಕಡೆ ಕುಸಿಯುತ್ತಿದೆಯಾ?
ನಮ್ಮ ಬೀದಿಯಲ್ಲಿ ಮಾತ್ರ ನೀರು ದಿಢೀರನೆ ಕಡಿಮೆ ಆಯಿತಾ?
ಮೊದಲು ಬರುವ ನೀರು ಮಣ್ಣು ಬಣ್ಣ ಇದೆಯಾ, ನಾರುತ್ತಿದೆಯಾ?

ಕೊನೆಯ ಗುರುತು ಕಂಡರೆ ಒಂದು ದಿನವೂ ತಡ ಮಾಡಬೇಡಿ. ಆ ನೀರು ಕುಡಿಯಬೇಡಿ. ಅಕ್ಕಪಕ್ಕದವರಿಗೆ ಹೇಳಿ. ಬೇರೆ ಒಳ್ಳೆಯ ನೀರು ತನ್ನಿ. ಅದನ್ನೂ ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ. ಮಗುವಿಗೆ ಭೇದಿ ಆದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕಲಸಿ ಕುಡಿಸುತ್ತಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚಮಚ ಗೋಪುರ ಮಾಡಬೇಡಿ, ಮಟ್ಟಸ ಇರಲಿ.

ಬರೆಯೋಣ

ಜಲಮಂಡಳಿಯ ದೂರು ನಂಬರ್ 1916. ಫೋನ್ ಮಾಡಿದಾಗ ಒಂದು ದೂರು ನಂಬರ್ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೆದದ್ದು ಉಳಿಯುತ್ತೆ.

ಕೆಲಸ ಆಗದಿದ್ದರೆ ಜಲಮಂಡಳಿಯ ಸೇವಾ ಠಾಣೆಗೆ ಅರ್ಜಿ ಕೊಡಿ. ಅರ್ಜಿ ಹೀಗಿರಲಿ:

ಇವರಿಗೆ,
ಸಹಾಯಕ ಎಂಜಿನಿಯರ್ ಅವರು,
ಜಲಮಂಡಳಿ ಸೇವಾ ಠಾಣೆ.

ಮಾನ್ಯರೇ,
ಹೊಸ ತಿಪ್ಪಸಂದ್ರದ ..... ಅಡ್ಡರಸ್ತೆಯಲ್ಲಿ ..... ನಂಬರ್ ಮನೆಯ ಮುಂದೆ ..... ದಿನದಿಂದ ನೀರು ಸೋರುತ್ತಿದೆ. ನೀರು ಬಿಟ್ಟಾಗ ರಸ್ತೆ ಒದ್ದೆಯಾಗುತ್ತದೆ. ನಲ್ಲಿ ನೀರು ನಾರುತ್ತಿದೆ. ತಾರೀಕು ..... ರಂದು 1916ಕ್ಕೆ ದೂರು ಕೊಟ್ಟಿದ್ದೇವೆ. ದೂರಿನ ನಂಬರ್ ..... ದಯವಿಟ್ಟು ಸೋರಿಕೆ ಹುಡುಕಿ ಸರಿ ಮಾಡಿಸಿ. ನೀರನ್ನು ಪರೀಕ್ಷೆ ಮಾಡಿಸಿ.
ಇಂತಿ,
ಬೀದಿಯ ಮಹಿಳೆಯರು (ಸಹಿಗಳು)

ನೋಡಿ, ಎಲ್ಲಿ, ಯಾವಾಗಿನಿಂದ, ಏನು, ದೂರಿನ ನಂಬರ್. ಈ ನಾಲ್ಕು ಇದ್ದರೆ ಸಾಕು. ಉದ್ದ ಬರೆಯಬೇಕಿಲ್ಲ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನೀರಿನ ಅದಾಲತ್ ನಡೆಯುವಾಗ ಆ ಕಾಗದ ಹಿಡಿದು ಹೋಗಬಹುದು.

ಮೊದಲು ಇಂಥ ಕಾಗದಕ್ಕೆ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಯಾರೋ ಬರೆಯುತ್ತಿದ್ದರು, ಏನು ಬರೆದರೋ ನಮಗೆ ತಿಳಿಯುತ್ತಿರಲಿಲ್ಲ. ಈಗ ನಾವೇ ಬರೆಯುತ್ತೇವೆ. ನಾವೇ ಓದಿ ಸಹಿ ಹಾಕುತ್ತೇವೆ. ಮೀಟರಿನ ಅಂಕಿ ಓದುವ ಕಣ್ಣು ನಮಗೆ ಬಂದಿದೆ. ಹಾಗಾದರೆ ನಮ್ಮ ಬೀದಿಗೆ ನಾವೇ ನೀರುಗಂಟಿಗಳು.

ಮಾಡಿ ನೋಡಿ

1. ಈ ವಾರ ನಿಮ್ಮ ಮನೆ ಮೀಟರಿನ ಅಂಕಿಯನ್ನು ದಿನಾ ಒಂದೇ ಹೊತ್ತಿಗೆ ಬರೆದಿಡಿ. ನಿನ್ನೆಯದನ್ನು ಇವತ್ತಿನದರಿಂದ ಕಳೆಯಿರಿ.
2. ನಾಲ್ಕು ಜನ ಸೇರಿ ನಿಮ್ಮ ಬೀದಿಯಲ್ಲಿ ನಡೆಯಿರಿ. ಒದ್ದೆ ಜಾಗ ಕಂಡರೆ ಯಾವ ಮನೆಯ ಮುಂದೆ ಅಂತ ಬರೆಯಿರಿ.
3. ಮುಂದಿನ ವಾರ ಆ ಪುಸ್ತಕ ತನ್ನಿ. ಎಲ್ಲರ ಲೆಕ್ಕ ಇಟ್ಟುಕೊಂಡು ಒಟ್ಟಿಗೆ ಕೂತು ಅರ್ಜಿ ಬರೆಯೋಣ.